ಪಾದರಕ್ಷೆಯ ಪರಿಮಾಣ

ಜೇವರ್ಗಿಯ ಒಂದು ಶ್ರಾವಕ ಕುಟುಂಬವನ್ನು ಎಣಿಸಿಕೊಳ್ಳಬಹುದು. ತೊಗರಿಯ ವ್ಯಾಪಾರದ ಮನೆ. ಅಜ್ಜಿ, ತಂದೆ, ತಾಯಿ, ಕಲಬುರಗಿಯಲ್ಲಿ ಓದುವ ಮಗ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಆ ಹುಡುಗನು ಹಿರಿಯರ ಸಮ್ಮುಖದಲ್ಲಿ ಒಂದು ವರ್ಷದ ಅವಧಿಗೆ ಎರಡು ನಿಯಮಗಳನ್ನು ಸ್ವೀಕರಿಸುತ್ತಾನೆ: ಚರ್ಮದ ವಸ್ತುವನ್ನು ಧರಿಸತಕ್ಕದ್ದಲ್ಲ; ಎರಡು ಜೊತೆಗಿಂತ ಹೆಚ್ಚು ಪಾದರಕ್ಷೆಗಳನ್ನು ಇಟ್ಟುಕೊಳ್ಳತಕ್ಕದ್ದಲ್ಲ. ಮುಂದಿನ ಭಾದ್ರಪದ ಬರುವಷ್ಟರಲ್ಲಿ ಆ ಮನೆಯ ಹೊಸ್ತಿಲ ಬಳಿಗೆ ಐದು ಬಗೆಯ ಬೂಟುಗಳು ಬಂದು ಹೋಗಿವೆ. ಹೊಸದೊಂದನ್ನು ಕೊಂಡಾಗಲೆಲ್ಲ ಹಳೆಯದೊಂದನ್ನು ಅವನು ಗೆಳೆಯರಿಗೆ ಮಾರಿದ್ದಾನೆ. ಯಾವ ದಿನ ಎಣಿಸಿದರೂ ಎರಡೇ ಜೊತೆ. ಎಲ್ಲವೂ ಬಟ್ಟೆ, ರಬ್ಬರು, ಕೃತಕ ಚರ್ಮಗಳಿಂದಾದವು. ಅವುಗಳ ಮೇಲೆ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರನೊಬ್ಬನ ಗುರುತು. ಹುಡುಗನು ಬಾಸ್ಕೆಟ್‌ಬಾಲನ್ನು ಒಮ್ಮೆಯೂ ಆಡಿದವನಲ್ಲ. ವ್ರತವು ಉಳಿದಿದೆಯೆಂದು ತಂದೆ ಹೇಳುತ್ತಾನೆ. ಮುರಿದಿದೆಯೆಂದು ಅಜ್ಜಿ ಹೇಳುತ್ತಾಳೆ. ಯಾರ ಮಾತು ಸರಿಯಾದುದು?

ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ಕಾಲಿಗೆ ಮೆಟ್ಟುವ ವಸ್ತುವಿನ ಕುರಿತು ಇಷ್ಟು ವಿಚಾರವೇಕೆಂದು ಕೇಳುವವರೂ ಇದ್ದಾರು. ಆದರೆ ಆಳಂದ, ಅಫಜಲಪುರ, ಜೇವರ್ಗಿಗಳಂತಹ ಊರುಗಳಲ್ಲಿ ಹಿಂದಿನವರು ಪರಿಮಾಣ ವ್ರತವನ್ನು ಕೈಗೊಳ್ಳುವಾಗ ಅವರ ಮನಸ್ಸಿನಲ್ಲಿದ್ದ ಪಾದರಕ್ಷೆಯೇ ಬೇರೆ. ಅದನ್ನು ಕೊಳ್ಳುತ್ತಿದ್ದುದು ರಾಶಿಯಾಗಿ ಕೈಗೆ ನಾಲ್ಕು ಕಾಸು ಬಂದಾಗ, ಅದೂ ಹಳೆಯದರ ಅಟ್ಟೆ ಸವೆದು ಹೋಗಿದ್ದರೆ. ಸವೆತವೇ ಕೊಳ್ಳುವಿಕೆಗೆ ಕಾವಲಾಗಿತ್ತು. ಈ ಕಾವಲು ಎಂದು, ಹೇಗೆ ತಪ್ಪಿತೆಂಬುದನ್ನು ತಿಳಿಯದೆ ಅಜ್ಜಿ ಮತ್ತು ತಂದೆಯ ವಿವಾದವನ್ನು ಬಗೆಹರಿಸುವಂತಿಲ್ಲ.

ಆಟಗಾರನ ಹೆಸರನ್ನು ಬೂಟಿನ ಮೇಲೆ ಬರೆಯುವ ಪದ್ಧತಿ ಹಳೆಯದು. ಅಮೆರಿಕದ ಕಾನ್ವರ್ಸ್ ಸಂಸ್ಥೆಯು 1917ರಲ್ಲಿ ಆಲ್ ಸ್ಟಾರ್ ಎಂಬ ಬೂಟನ್ನು ಹೊರತಂದಿತು. ಚಕ್ ಟೇಲರ್ ಎಂಬ ಆಟಗಾರ ಊರೂರು ತಿರುಗಿ ಆಟವನ್ನು ಕಲಿಸುತ್ತ ಅದನ್ನು ಮಾರಿದ. 1930ರ ದಶಕದಲ್ಲಿ ಅವನ ಸಹಿಯು ಬೂಟಿನ ಬಿಲ್ಲೆಯ ಮೇಲೆ ಬಂದಿತು. ಕ್ಯಾನ್ವಾಸ್ ಬಟ್ಟೆ, ರಬ್ಬರಿನ ಅಟ್ಟೆ, ಅಷ್ಟೇ. ದಶಕಗಳ ಕಾಲ ಅದರ ರೂಪ ಹೆಚ್ಚು ಬದಲಾಗಲಿಲ್ಲ. ಹರಿದರೆ ಅದನ್ನೇ ಮತ್ತೆ ಕೊಳ್ಳುವುದು; ಹರಿಯುವ ಮೊದಲು ಕೊಳ್ಳಲು ಕಾರಣವೇ ಇರಲಿಲ್ಲ. ಹೆಸರಿದ್ದರೂ ಆ ಹೆಸರು ಆಸೆಯನ್ನು ವರ್ಷವರ್ಷವೂ ಹೊಸದಾಗಿ ಹೊತ್ತಿಸುತ್ತಿರಲಿಲ್ಲ. 1973ರಲ್ಲಿ ಪ್ಯೂಮಾ ಸಂಸ್ಥೆಯು ನ್ಯೂಯಾರ್ಕಿನ ಆಟಗಾರ ವಾಲ್ಟ್ ಫ್ರೇಜಿಯರನ ಅಡ್ಡಹೆಸರಿನಲ್ಲಿ ಕ್ಲೈಡ್ ಎಂಬ ಮೃದು ಚರ್ಮದ ಬೂಟನ್ನು ಮಾಡಿದಾಗ ಉಡುಪಿನ ಬೆಡಗು ಆಟದಂಗಳಕ್ಕೆ ಇಳಿಯಿತು.

ನಿಜವಾದ ತಿರುವು 1984ರದು. ಆ ವರ್ಷ ಶಿಕಾಗೋ ಬುಲ್ಸ್ ತಂಡವನ್ನು ಸೇರಿದ ಮೈಕೆಲ್ ಜಾರ್ಡನ್ ಎಂಬ ತರುಣನೊಡನೆ ನೈಕಿ ಸಂಸ್ಥೆಯು ಐದು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಪೀಟರ್ ಮೂರ್ ರೂಪಿಸಿದ ಏರ್ ಜಾರ್ಡನ್ ಬೂಟು 1985ರಲ್ಲಿ 65 ಡಾಲರ್ ಬೆಲೆಗೆ ಅಂಗಡಿಗೆ ಬಂದಿತು. ಮೊದಲ ವರ್ಷದಲ್ಲಿಯೇ ಮಾರಾಟ 10 ಕೋಟಿ ಡಾಲರನ್ನು ದಾಟಿತು. ಇಲ್ಲಿ ವ್ರತದ ವಿಷಯವನ್ನು ಓದುವವರು ಗಮನಿಸತಕ್ಕ ಒಂದು ಸಂಗತಿಯಿದೆ. ಅವನ ಕಪ್ಪು-ಕೆಂಪು ಬೂಟು ನಿಯಮಕ್ಕೆ ಹೊಂದುವುದಿಲ್ಲವೆಂದು ಕ್ರೀಡಾಮಂಡಲಿಯು 1985ರ ಫೆಬ್ರವರಿಯಲ್ಲಿ ಪತ್ರ ಬರೆಯಿತು. ಸಂಸ್ಥೆಯು ಅದಕ್ಕಾಗಿ ಕುಗ್ಗಲಿಲ್ಲ. ನಿಷೇಧವನ್ನೇ ಜಾಹೀರಾತು ಮಾಡಿತು. ಆಟದಂಗಳದಲ್ಲಿ ತೊಡಬಾರದೆಂದದ್ದನ್ನು ಬೀದಿಯಲ್ಲಿ ತೊಡಲು ಯಾರ ಅಡ್ಡಿ ಎಂಬುದು ಅದರ ಭಾವ. ಬೇಡವೆಂಬ ಮಾತು ಮನಸ್ಸನ್ನು ಒಳಗೆ ತಿರುಗಿಸಬೇಕೆಂಬುದು ವ್ರತದ ಉದ್ದೇಶವಾದರೆ, ಅದೇ ಮಾತಿನಿಂದ ಮನಸ್ಸನ್ನು ಹೊರಗೆ ಸೆಳೆಯಬಹುದೆಂಬುದನ್ನು ವ್ಯಾಪಾರವು ಕಂಡುಕೊಂಡಿತು.

ಬಳಿಕ ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಹೊಸ ಸಂಖ್ಯೆಯ ಬೂಟು ಬರತೊಡಗಿತು. 1988ರ ಮೂರನೆಯದನ್ನು ಟಿಂಕರ್ ಹ್ಯಾಟ್‌ಫೀಲ್ಡ್ ರೂಪಿಸಿದ. ಹಾರುವ ಆಟಗಾರನ ಆಕೃತಿ ಅದರ ಮೇಲೆ ಮೂಡಿತು. ಗಾಳಿಚೀಲವು ಹೊರಗಿನಿಂದಲೇ ಕಾಣುವಂತಾಯಿತು. ಅಂಚಿಗೆ ಆನೆಯ ತೊಗಲನ್ನು ಹೋಲುವ ಮುದ್ರೆ ಬಂದಿತು. 1995ರ ಹನ್ನೊಂದನೆಯದಕ್ಕೆ ಹೊಳೆಯುವ ಚರ್ಮದ ಪಟ್ಟಿ. 1997ರಲ್ಲಿ ಅವನ ಹೆಸರಿನ ವಿಭಾಗವೇ ಪ್ರತ್ಯೇಕವಾಯಿತು. ಅವನು 1993ರಲ್ಲಿ ಆಟ ಬಿಟ್ಟ, 1995ರಲ್ಲಿ ಮರಳಿದ, 1999ರಲ್ಲಿ ಮತ್ತೆ ಬಿಟ್ಟು, ಮತ್ತೊಮ್ಮೆ ಮರಳಿ, 2003ರಲ್ಲಿ ಕಡೆಗೂ ನಿಲ್ಲಿಸಿದ. ಬೂಟುಗಳು ನಿಲ್ಲಲಿಲ್ಲ. 2025ರಲ್ಲಿ ನಲವತ್ತನೆಯದು ಬಂದಿತು. 2023ರ ಮೇ ಕೊನೆಗೆ ಮುಗಿದ ವರ್ಷದಲ್ಲಿ ಆ ವಿಭಾಗದ ಆದಾಯ ಸುಮಾರು 660 ಕೋಟಿ ಡಾಲರ್. ಆಡುವವನು ವಿರಾಗಿಯಾದರೂ ಆಟದ ಹೆಸರಿನ ರಾಗವು ಇಪ್ಪತ್ತು ವರ್ಷಗಳಾಚೆಗೂ ಬೆಳೆಯುತ್ತಿದೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಈ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಭೋಗೋಪಭೋಗ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಆಚಾರ್ಯರು ಹೆಚ್ಚು ವಸ್ತುಗಳನ್ನಿಟ್ಟುಕೊಳ್ಳುವುದನ್ನು ಹೇಳುವುದೇ ಇಲ್ಲ; ಮನಸ್ಸಿನ ಚಲನೆಗಳನ್ನು ಹೇಳುತ್ತಾರೆ. ಅನುಭವಿಸಿ ಮುಗಿದ ಸುಖವನ್ನು ಮರಳಿ ಮರಳಿ ನೆನೆಯುವ ಅನುಸ್ಮೃತಿ ಅವುಗಳಲ್ಲಿ ಒಂದು. ಮುಂದಿನದಕ್ಕಾಗಿ ಅತಿಯಾಗಿ ಹಂಬಲಿಸುವ ಅತಿತೃಷೆ ಮತ್ತೊಂದು. ವರ್ಷಕ್ಕೊಂದು ಹೊಸ ಸಂಖ್ಯೆಯು ಅತಿತೃಷೆಯ ಪಂಚಾಂಗವಲ್ಲದೆ ಬೇರೇನು? 1994ರಲ್ಲಿ, ಜಾರ್ಡನ್ ಆಟ ಬಿಟ್ಟಿದ್ದ ಕಾಲದಲ್ಲಿಯೇ, ಸಂಸ್ಥೆಯು ಮೊದಲ ಬೂಟುಗಳನ್ನು ಹಳೆಯ ರೂಪದಲ್ಲಿ ಮತ್ತೆ ಮಾರಿತು. ಈ ಮರುಮುದ್ರಣದ ವ್ಯಾಪಾರವು ಇಂದು ದೊಡ್ಡದಾಗಿ ಬೆಳೆದಿದೆ. ಅದು ಅನುಸ್ಮೃತಿಯನ್ನೇ ಪೆಟ್ಟಿಗೆಯಲ್ಲಿ ಕಟ್ಟಿ ಕೊಡುವುದು. ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಅತಿಸಂಗ್ರಹ, ಅತಿಲೋಭಗಳ ನಡುವೆ ವಿಸ್ಮಯವೂ ಸೇರಿದೆಯೆಂಬುದನ್ನು ಅನೇಕರು ಗಮನಿಸುವುದಿಲ್ಲ. ಇತರರ ಸಂಪತ್ತನ್ನು ಕಂಡು ಬೆರಗಾಗುವುದರಲ್ಲಿ ದೋಷವೇನೆಂದು ಕೇಳಬಹುದು. ಜೇವರ್ಗಿಯ ಹುಡುಗನು ಆಟವನ್ನಾಡದೆಯೇ ಆಟದ ಬೂಟನ್ನು ಬಯಸಿದುದಕ್ಕೆ ಕಾರಣವಾದದ್ದು ಆ ಬೆರಗೇ.

ಇನ್ನೊಂದು ಸೂಕ್ಷ್ಮವುಂಟು. ಒಮ್ಮೆ ಬಳಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಕೆಗೆ ಬರುವುದು ಉಪಭೋಗ. ಅನ್ನವು ಭೋಗ, ವಸ್ತ್ರ, ಪಾದರಕ್ಷೆಗಳು ಉಪಭೋಗ. ಆದರೆ ಈ ಬೂಟುಗಳನ್ನು ಮೆಟ್ಟದೆ, ಮಣ್ಣು ತಾಗಿಸದೆ, ಪೆಟ್ಟಿಗೆಯಲ್ಲಿಯೇ ಕಾದಿಟ್ಟು ಬೆಲೆ ಏರಿದಾಗ ಮಾರುವವರಿದ್ದಾರೆ. ಜಾರ್ಡನ್ 1998ರ ಅಂತಿಮ ಸ್ಪರ್ಧೆಯ ಎರಡನೆಯ ಆಟದಲ್ಲಿ ಧರಿಸಿದ ಜೊತೆಯು 2023ರ ಏಪ್ರಿಲ್‌ನಲ್ಲಿ ಸದಬೀಸ್ ಹರಾಜಿನಲ್ಲಿ 22 ಲಕ್ಷ ಡಾಲರಿಗೆ ಹೋಯಿತು. ಅದನ್ನು ಕೊಂಡವರು ಕಾಲಿಗೆ ಹಾಕಿಕೊಂಡು ಸಂತೆಗೆ ಹೋಗಲಾರರು. ಇದು ಭೋಗವೂ ಅಲ್ಲ, ಉಪಭೋಗವೂ ಅಲ್ಲ. ಬಳಕೆಯ ನೆಪವೂ ಇಲ್ಲದ ಬರಿಯ ಪರಿಗ್ರಹ. ತತ್ತ್ವಾರ್ಥಸೂತ್ರವು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹೇಳದೆ ಮೂರ್ಛೆಯಲ್ಲಿ ಹೇಳಿದುದಕ್ಕೆ ಇದಕ್ಕಿಂತ ನೇರವಾದ ದೃಷ್ಟಾಂತ ಸಿಕ್ಕಲಾರದು.

ಮೂರ್ಛೆಯು ಎಲ್ಲಿಗೆ ಒಯ್ಯುತ್ತದೆಂಬುದಕ್ಕೂ ದಾಖಲೆಯಿದೆ. 1989ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಹದಿನೈದು ವರ್ಷದ ಶಾಲಾ ಬಾಲಕನೊಬ್ಬನು ತನ್ನ ಏರ್ ಜಾರ್ಡನ್ ಬೂಟುಗಳಿಗಾಗಿ ಕೊಲೆಯಾದನು. 1990ರ ಮೇ ತಿಂಗಳಲ್ಲಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯು ಇಂತಹ ಘಟನೆಗಳನ್ನೇ ಮುಖಪುಟದ ವಿಷಯವಾಗಿಸಿತು.

ಈಗ ಚರ್ಮದ ಮಾತು. ಹುಡುಗನು ಚರ್ಮವನ್ನು ಬಿಟ್ಟದ್ದು ಶ್ಲಾಘ್ಯವೇ. ಆದರೆ ನಮ್ಮ ಮನೆಗಳಲ್ಲಿ ಚರ್ಮವಿಲ್ಲವೆಂದೊಡನೆ ಎಲ್ಲ ವಿಚಾರವೂ ಮುಗಿಯಿತೆಂಬ ನಿಶ್ಚಿಂತೆ ಬೆಳೆದಿದೆ. ಅಹಿಂಸೆಯ ರಸೀದಿಯನ್ನು ತೋರಿಸಿ ಅಪರಿಗ್ರಹದ ಬಾಗಿಲನ್ನು ದಾಟಲಾಗುತ್ತದೆ. ಆ ರಸೀದಿಯೂ ಪೂರ್ಣವಲ್ಲ. ನೈಕಿಯ ಗಾಳಿಚೀಲಗಳಲ್ಲಿ ಬಹುಕಾಲ ತುಂಬಿದ್ದುದು ಗಾಳಿಯಲ್ಲ, ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲ. ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಮಿಗಿಲಾದುದು. 2006ರ ಹೊತ್ತಿಗೆ ಸಂಸ್ಥೆಯು ಅದನ್ನು ಬಿಟ್ಟು ಸಾರಜನಕವನ್ನು ತುಂಬತೊಡಗಿತು. ಆನೆಯ ತೊಗಲಿನ ಮುದ್ರೆಯನ್ನು ಕಂಡವರಿಗೆ ಜನ್ನನ ಯಶೋಧರ ಚರಿತೆಯ ಹಿಟ್ಟಿನ ಕೋಳಿಯ ನೆನಪಾಗದಿರದು. ಆದರೆ ಹೋಲಿಕೆಯನ್ನು ಹೆಚ್ಚು ಎಳೆಯುವುದು ನ್ಯಾಯವಲ್ಲ: ಅಲ್ಲಿ ಕೊಲ್ಲುವ ಸಂಕಲ್ಪವಿತ್ತು, ಬೂಟನ್ನು ಕೊಳ್ಳುವ ಹುಡುಗನಲ್ಲಿ ಅದಿಲ್ಲ. ಅವನ ದೋಷವನ್ನು ಹಿಂಸೆಯಲ್ಲಿ ಹುಡುಕುವುದಕ್ಕಿಂತ ತೃಷೆಯಲ್ಲಿ ಹುಡುಕುವುದು ಸರಿ.

ಹಾಗಾದರೆ ಹೆಸರಿರುವ ಬೂಟುಗಳೆಲ್ಲ ತ್ಯಾಜ್ಯವೇ? ಹಾಗೆ ಹೇಳಲಾಗದು. ಹ್ಯೂಸ್ಟನ್ ರಾಕೆಟ್ಸ್ ತಂಡದ ಹಕೀಮ್ ಒಲಾಜುವಾನ್ ಎಂಬ ಆಟಗಾರನ ಸಂಗತಿಯು ಉಪವಾಸದ ವಿಷಯವನ್ನು ಆದರಿಸುವವರೆಲ್ಲರೂ ತಿಳಿಯತಕ್ಕುದು. ಅವನು ತನ್ನ ಧರ್ಮದಂತೆ ರಂಜಾನ್ ತಿಂಗಳಲ್ಲಿ ಹಗಲೆಲ್ಲ ಅನ್ನನೀರುಗಳನ್ನು ಬಿಟ್ಟು ಉಪವಾಸವಿದ್ದು, ಉಪವಾಸದ ದಿನಗಳಲ್ಲಿಯೂ ಪಂದ್ಯಗಳನ್ನಾಡುತ್ತಿದ್ದ. 1995ರ ಫೆಬ್ರವರಿ ಒಂದರಂದೇ ರಂಜಾನ್ ಆರಂಭವಾಗಿತ್ತು. ಆ ತಿಂಗಳ ಶ್ರೇಷ್ಠ ಆಟಗಾರನೆಂಬ ಮನ್ನಣೆ ಅವನಿಗೇ ಬಂದಿತು. ಅವನ ತಂಡವು 1994, 1995 ಎರಡೂ ವರ್ಷ ಗೆದ್ದಿತ್ತು. ಯಾವ ದೊಡ್ಡ ಸಂಸ್ಥೆಯಾದರೂ ಅವನ ಹೆಸರನ್ನು ಕೊಳ್ಳಬಹುದಿತ್ತು. ಅವನು ಸ್ಪಾಲ್ಡಿಂಗ್ ಸಂಸ್ಥೆಯ ಸುಮಾರು 35 ಡಾಲರಿನ ಬೂಟಿಗೆ ತನ್ನ ಹೆಸರನ್ನು ಕೊಟ್ಟ. ದುಡಿದು ಮೂವರು ಗಂಡುಮಕ್ಕಳನ್ನು ಸಾಕುವ ಬಡ ತಾಯಿಯು ನೂರಿಪ್ಪತ್ತು ಡಾಲರಿನ ಬೂಟನ್ನು ತರುವುದು ಹೇಗೆಂಬುದು ಅವನ ಪ್ರಶ್ನೆಯಾಗಿತ್ತು. ಹಸಿವನ್ನು ತಾನಾಗಿ ಬರಮಾಡಿಕೊಂಡವನಿಗೆ ಮತ್ತೊಬ್ಬರ ಕೊರತೆ ಕಾಣಿಸಿತು. 2006ರಲ್ಲಿ ಸ್ಟೆಫನ್ ಮಾರ್ಬರಿ ಎಂಬಾತನೂ 15 ಡಾಲರಿನೊಳಗಿನ ಬೂಟನ್ನು ತನ್ನ ಹೆಸರಿನಲ್ಲಿ ಮಾರಿಸಿ, ಅದನ್ನೇ ಧರಿಸಿ ಆಡಿದ. ಅದನ್ನು ಮಾರುತ್ತಿದ್ದ ಅಂಗಡಿಗಳು 2008ರಲ್ಲಿ ದಿವಾಳಿಯಾದವು. ಅಗ್ಗದ ಹೆಸರಿಗೆ ಲೋಕದಲ್ಲಿ ಬೆರಗು ಕಡಿಮೆ.

ದೂರದ ಕಥೆಯೆಂದು ಇದನ್ನು ಬದಿಗಿಡುವಂತಿಲ್ಲ. ಪ್ಯೂಮಾ ಸಂಸ್ಥೆಯ ಭಾರತದ ಕಚೇರಿಯಿರುವುದು ಬೆಂಗಳೂರಿನಲ್ಲಿ. 2017ರಲ್ಲಿ ಅದು ಬೆಂಗಳೂರು ತಂಡದ ವಿರಾಟ್ ಕೊಹ್ಲಿಯೊಡನೆ ಎಂಟು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಅವನ ಅಂಗಿಯ ಮೇಲಿನ 18 ಎಂಬ ಅಂಕಿಯಿಂದ ವನ್‌ಏಟ್ ಎಂಬ ಹೆಸರು ಹುಟ್ಟಿತು. 2025ರಲ್ಲಿ ಅವನು ಆ ಸಂಸ್ಥೆಯನ್ನು ಬಿಟ್ಟಾಗ ಹೆಸರೂ ಅವನೊಡನೆ ಬೆಂಗಳೂರಿನದೇ ಆದ ಅಜಿಲಿಟಾಸ್ ಸಂಸ್ಥೆಯ ಕಡೆಗೆ ನಡೆಯಿತು. ಬೂಟನ್ನು ಮಾರಿದ ಸಂಸ್ಥೆಯು ಹಿಂದೆಯೇ ಉಳಿಯಿತು. ಕೊಂಡವರು ಇಷ್ಟು ದಿನ ಹಣ ಕೊಟ್ಟದ್ದು ಯಾವುದಕ್ಕೆಂಬುದು ಇದರಿಂದ ತಿಳಿಯುತ್ತದೆ.

ಜೇವರ್ಗಿಯ ಮನೆಗೆ ಮರಳಿದರೆ, ತಂದೆಯ ವಾದಕ್ಕೂ ಬೆಲೆಯಿದೆ. ನಿಯಮದ ಮಾತು ಇಷ್ಟೇ ಇತ್ತು: ಎರಡು ಜೊತೆ. ಆಡದ ಮಾತಿಗೆ ಹುಡುಗನನ್ನು ಹೊಣೆ ಮಾಡಿದರೆ ಮುಂದಿನ ವರ್ಷ ಅವನು ಯಾವ ವ್ರತವನ್ನೂ ಹಿಡಿಯದೆ ಹೋದಾನು. ಅದು ಐದು ಜೊತೆ ಬೂಟುಗಳಿಗಿಂತ ದೊಡ್ಡ ನಷ್ಟ. ಆದರೂ ಅಜ್ಜಿಯ ಕಣ್ಣು ಹೆಚ್ಚು ದೂರ ಕಂಡಿದೆ. ಅಮಿತಗತಿ ಆಚಾರ್ಯರು ವ್ರತಭಂಗಕ್ಕೆ ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರಗಳೆಂಬ ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾರೆ. ಮನಸ್ಸಿನ ಶುದ್ಧಿ ಕದಡುವುದೇ ಮೊದಲನೆಯದು. ಹುಡುಗನು ಕಡೆಯ ಮೆಟ್ಟಿಲನ್ನು ತುಳಿದಿಲ್ಲ. ಮೊದಲನೆಯದರ ಮೇಲೆ ವರ್ಷವೆಲ್ಲ ನಿಂತಿದ್ದಾನೆ. ಮುರಿದಿದೆಯೆಂಬ ಅಜ್ಜಿಯ ಮಾತು ಕಟುವಾಯಿತು. ಉಳಿದಿದೆಯೆಂಬ ತಂದೆಯ ಮಾತು ಸಡಿಲವಾಯಿತು. ವ್ರತವು ಸೋರಿದೆ.

ಸೋರಿದುದು ಎಣಿಕೆಯ ಬಿರುಕಿನಲ್ಲಿ. ಮನೆಯಲ್ಲಿರುವುದನ್ನು ಎಣಿಸಲಾಯಿತು, ಮನೆಗೆ ಬರುವುದನ್ನು ಎಣಿಸಲಿಲ್ಲ. ಸಮಂತಭದ್ರರು ನಿಯಮಕ್ಕೆ ದಿನ, ಪಕ್ಷ, ಮಾಸ, ಋತು, ಅಯನಗಳೆಂದು ಕಾಲದ ಅಳತೆಗಳನ್ನು ಕೊಟ್ಟಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮುಂದಿನ ಪರ್ವದಲ್ಲಿ ಹುಡುಗನು ವಸ್ತುವಿನ ಸಂಖ್ಯೆಯ ಬದಲು ಕೊಳ್ಳುವಿಕೆಗೆ ಗಡಿಯನ್ನು ಹಾಕಿಕೊಳ್ಳಬಹುದು: ಇರುವುದರ ಅಟ್ಟೆ ಸವೆಯುವ ತನಕ ಹೊಸದನ್ನು ಕೊಳ್ಳತಕ್ಕದ್ದಲ್ಲ, ಬೆಲೆಗೆ ಮಾರತಕ್ಕದ್ದಲ್ಲ. ಬೂಟಿನ ಮೇಲೆ ಯಾರ ಹೆಸರಿದ್ದರೂ ಆಗ ಅಡ್ಡಿಯಿಲ್ಲ, ಏಕೆಂದರೆ ಹೊಸ ಸಂಖ್ಯೆಯು ಎಂದು ಬಂದರೂ ಅವನ ಕಾಲಿನ ಕೆಳಗಿನ ರಬ್ಬರು ತನ್ನದೇ ವೇಗದಲ್ಲಿ ಸವೆಯುತ್ತದೆ. ಜೇವರ್ಗಿಯ ಕಲ್ಲುನೆಲದ ಮೇಲೆ ಅದು ತುಸು ಬೇಗನೆ ಸವೆದರೂ ಸವೆಯಲಿ.

ಬೆಳೆಯುವ ವಯಸ್ಸಿನ ಮಕ್ಕಳಿಗೆ ಮಾತ್ರ ಒಂದು ತೊಡಕುಂಟು. ಅಟ್ಟೆ ಸವೆಯುವ ಮೊದಲೇ ಪಾದವು ಬೂಟನ್ನು ಮೀರಿ ಬೆಳೆದುಬಿಡಬಹುದು. ಬೆರಳು ನೊಂದರೂ ಅದನ್ನೇ ಮೆಟ್ಟಬೇಕೆನ್ನುವುದು ತಪಸ್ಸೂ ಅಲ್ಲ, ವಿವೇಕವೂ ಅಲ್ಲ. ಅಂತಹ ಸಂದರ್ಭಕ್ಕೆ ವ್ರತ ಹಿಡಿಯುವಾಗಲೇ ಮಾತನ್ನು ಬಿಡಿಸಿ ಹೇಳಿಕೊಂಡಿರಬೇಕು: ಚಿಕ್ಕದಾದ ಜೊತೆಯನ್ನು ಬೆಲೆ ಪಡೆಯದೆ ಮನೆಯ ಅಥವಾ ನೆರೆಯ ಕಿರಿಯನಿಗೆ ಕೊಟ್ಟು, ಅಷ್ಟು ಅಳತೆಯದನ್ನು ಮತ್ತೆ ತರುವುದು.