ಮೇಷ್ಟರಾಗಹೊರಟವನ ಆದರ್ಶ

ಆದರ್ಶವೆಂಬುದು ಭಾಷಣಕ್ಕೆ ಒದಗುವಷ್ಟು ಸುಲಭವಾಗಿ ಬದುಕಿಗೆ ಒದಗುವ ಪದಾರ್ಥವಲ್ಲ. ಅದರಲ್ಲೂ ಉಪಾಧ್ಯಾಯರ ಆದರ್ಶಕ್ಕೆ ನಮ್ಮಲ್ಲಿ ವರ್ಷಕ್ಕೊಂದು ಜಾತ್ರೆಯೇ ನಡೆಯುತ್ತದೆ. 1962ರಿಂದ ಈಚೆಗೆ ಪ್ರತಿ ಸೆಪ್ಟೆಂಬರ್ 5ರಂದು ಹಾರ, ಶಾಲು, ಹಣ್ಣಿನ ಬುಟ್ಟಿಗಳ ನಡುವೆ ಅದನ್ನು ಹೊಗಳಿ, ಮರುದಿನ ಕಪಾಟಿನಲ್ಲಿಟ್ಟು ಬೀಗ ಹಾಕುವುದು ವಾಡಿಕೆ. ಹೀಗಿರುವಾಗ ಇಪ್ಪತ್ತಮೂರು ವರ್ಷದ ಹುಡುಗನೊಬ್ಬ ಆ ಮಾತನ್ನು ನಿಜವಾಗಿ ಮನಸ್ಸಿಗೆ ಹಚ್ಚಿಕೊಂಡರೆ ನಾವು ನಗಬಾರದು.

ಅಂಥವನೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಮನೆ ಆರ್.ಟಿ. ನಗರದಲ್ಲಿ. ಈಗ ಬಿ.ಎಡ್. ಓದುತ್ತ, ಪಾಠ ಹೇಳುವ ಅಭ್ಯಾಸಕ್ಕೆಂದು ಯಲಹಂಕದ ಕಡೆಯ ಪ್ರೌಢಶಾಲೆಯೊಂದಕ್ಕೆ ಹೋಗಿಬರುತ್ತಾನೆ. ತಾನು ಎಂಥ ಮೇಷ್ಟರಾಗಬೇಕೆಂಬುದನ್ನು ನಾಲ್ಕು ಪುಟ ಬರೆದು, “ಒಂದು ಸಲ ನೋಡಿಕೊಡಿ, ಸಾರ್” ಎಂದು ಕೈಗಿತ್ತ. ಕೋಲು ಹಿಡಿಯುವುದಿಲ್ಲ, ಮನೆಪಾಠದ ಆಸೆಗೆ ತರಗತಿಯ ಪಾಠವನ್ನು ಕದಿಯುವುದಿಲ್ಲ, ಜಾತಿ ನೋಡಿ ಮಕ್ಕಳನ್ನು ಕೂರಿಸುವುದಿಲ್ಲ, ಹೊಸದೇನನ್ನಾದರೂ ಓದದೆ ತರಗತಿಗೆ ಕಾಲಿಡುವುದಿಲ್ಲ. ಒಂದೊಂದೂ ಒಪ್ಪತಕ್ಕ ಮಾತೇ. ಆದರೆ ಅಲ್ಲಿದ್ದ ಮಕ್ಕಳೆಲ್ಲ ಇವನೆದುರು ಬೆಂಚಿನ ಮೇಲೆ ಕುಳಿತಿದ್ದ ಮಕ್ಕಳು.

ಅವನ ಆದರ್ಶಪುರುಷರು ಇಬ್ಬರು. ಮೊದಲನೆಯವರು ರಾಧಾಕೃಷ್ಣನ್. 1921ರಲ್ಲಿ ಅವರು ಮೈಸೂರಿನ ಮಹಾರಾಜಾ ಕಾಲೇಜನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಗಾಡಿಯನ್ನು ತಾವೇ ಎಳೆದು ರೈಲು ನಿಲ್ದಾಣ ಮುಟ್ಟಿಸಿದ ಸಂಗತಿಯನ್ನು ಯಾರು ಕೇಳಿಲ್ಲ? ಗಾಡಿಯನ್ನು ಎಳೆದವರು, ಆಗಲೇ ಅನೇಕ ಜರಡಿಗಳನ್ನು ದಾಟಿ ಕಾಲೇಜು ಸೇರಿದ್ದ ತರುಣರು. ಪ್ರೌಢಶಾಲೆಯ ಮೇಷ್ಟರಾದರೋ ಜರಡಿಯ ಪಕ್ಕದಲ್ಲೇ ನಿಂತವರು.

ಎರಡನೆಯವರು ಎಚ್. ನರಸಿಂಹಯ್ಯನವರು. ಗೌರಿಬಿದನೂರಿನ ಕಡೆಯ ಈ ಬಡ ಹುಡುಗ 1935ರಲ್ಲಿ ಪ್ರಯಾಣಕ್ಕೆ ಕಾಸಿಲ್ಲದೆ, ಎಂಬತ್ತು ಕಿಲೋಮೀಟರಿನಷ್ಟು ದೂರ ನಡೆದು ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ; ಮುಂದೆ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿ, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯೂ ಆದ. ಗೌರಿಬಿದನೂರಿನ ರಸ್ತೆ ದೊಡ್ಡಬಳ್ಳಾಪುರ, ಯಲಹಂಕ, ಹೆಬ್ಬಾಳಗಳನ್ನು ಹಾದು ಪೇಟೆಗೆ ಬರುತ್ತದೆ. ನಮ್ಮ ಹುಡುಗ ದಿನವೂ ಬಸ್ಸಿನಲ್ಲಿ ಜೋತುಬಿದ್ದು ಓಡಾಡುವುದೂ ಅದರ ಮೇಲೆಯೇ. ಈ ನಡಿಗೆಯನ್ನು ನಾವು ವಿದ್ಯಾರ್ಥಿಯ ಛಲದ ಕಥೆಯಾಗಿ ಹೇಳುತ್ತೇವೆ. ನನಗೆ ಅದರ ಇನ್ನೊಂದು ಮಗ್ಗುಲೇ ದೊಡ್ಡದಾಗಿ ಕಾಣುತ್ತದೆ: ದಾರಿಯ ತುದಿಯಲ್ಲಿ, ಧೂಳುಗಾಲಿನ ಹುಡುಗನನ್ನು ಒಳಕ್ಕೆ ಕರೆದುಕೊಳ್ಳುವ ಶಾಲೆಯೊಂದಿತ್ತು.

“ನಿನ್ನ ತರಗತಿಯಲ್ಲಿ ಎಷ್ಟು ಮಕ್ಕಳಪ್ಪಾ?” ಎಂದೆ.

“ಹಾಜರಿ ಪುಸ್ತಕದಲ್ಲಿ ನಲವತ್ತೆರಡು, ಸಾರ್. ಬರುವವರು ಮೂವತ್ತೈದು.”

“ಉಳಿದ ಏಳು?”

ನಾಲ್ಕು ಪುಟಗಳಲ್ಲಿ ಆ ಏಳರ ಸುಳಿವಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳದು. ಎಂಟನೆಯ ತರಗತಿ ಮುಗಿಯುವಲ್ಲಿಗೆ ಅದರ ಆಸರೆಯೂ ಮುಗಿಯುತ್ತದೆ. ಬಾಲಕಾರ್ಮಿಕರ ಕಾಯಿದೆಗೆ 2016ರಲ್ಲಿ ಮಾಡಿದ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚಬಾರದೆಂದು ಹೇಳಿ, ಹದಿನಾಲ್ಕು ದಾಟಿದವರು ಅಪಾಯದ ಪಟ್ಟಿಗೆ ಸೇರದ ಕೆಲಸ ಮಾಡಬಹುದೆಂದು ಬಿಟ್ಟಿದೆ. ಶಾಲೆಯ ಹಕ್ಕು ಕೈಬಿಡುವ ವಯಸ್ಸೂ ದುಡಿಮೆಯ ಬಾಗಿಲು ತೆರೆಯುವ ವಯಸ್ಸೂ ಒಂದೇ! ಒಂಬತ್ತನೆಯ ತರಗತಿಯ ಮೇಷ್ಟರು ಆ ಎರಡು ಬಾಗಿಲುಗಳ ನಡುವೆ ನಿಂತಿದ್ದಾರೆ. ವಾಚಕರ ಮನೆಯಲ್ಲಿ ಹಳೆಯ ಶಾಲೆಯ ಭಾವಚಿತ್ರಗಳಿದ್ದರೆ ತೆಗೆದು ನೋಡಲಿ. ಎಂಟನೆಯದರಲ್ಲಿದ್ದು ಹತ್ತನೆಯದರಲ್ಲಿ ಕಾಣದ ಮುಖಗಳು ಒಂದೆರಡಾದರೂ ಸಿಕ್ಕಾವು.

ಏಳರಲ್ಲಿ ಒಬ್ಬನ ವಿಷಯ ಅವನಿಗೆ ತಿಳಿದಿತ್ತು. ಯಾದಗಿರಿ ಕಡೆಯ ಕುಟುಂಬ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದಮೇಲೆ ಈ ಕಡೆ ಎದ್ದ ಕಟ್ಟಡಗಳಿಗೆ ಕೂಲಿಗಾಗಿ ಬಂದು, ಹೆಬ್ಬಾಳದ ಹತ್ತಿರ ತಗಡಿನ ಶೆಡ್ಡಿನಲ್ಲಿ ನೆಲೆಸಿದವರು. ತಂದೆಗೆ ಸೆಂಟ್ರಿಂಗ್ ಕೆಲಸ. ಮಗ ಯಶವಂತಪುರದ ಮಂಡಿಯೊಂದರಲ್ಲಿ ಈರುಳ್ಳಿ ಮೂಟೆಗಳ ಲೆಕ್ಕ ಬರೆಯುತ್ತಾನಂತೆ. ಲೆಕ್ಕದಲ್ಲಿ ಚುರುಕು, ಇಂಗ್ಲಿಷಿನಲ್ಲಿ ಸೊನ್ನೆ.

“ಆ ಮನೆಗೆ ಅವನ ಸಂಬಳ ಬೇಕು, ಸಾರ್. ಬಿಡಿಸುವುದಕ್ಕೆ ನಾನು ಯಾರು?”

ಪ್ರಶ್ನೆ ಹುಡುಗಾಟದ್ದಲ್ಲ. ಅನ್ನ ಕೊಡಲಾರದವನು ಅನ್ನದ ದಾರಿಯನ್ನು ತಪ್ಪಿಸಬಹುದೇ? ಇದಕ್ಕೆ ಮೇಷ್ಟರೊಬ್ಬರೇ ಉತ್ತರ ಹೇಳಲಾರರು. ಹೇಳಬೇಕಾದ ಸರ್ಕಾರ, ಸಮಾಜಗಳು ಬೇರೆ ಇವೆ. ಆದರೆ ಆ ದೊಡ್ಡ ಪ್ರಶ್ನೆಯ ನೆರಳಿನಲ್ಲಿ ಒಂದು ಸಣ್ಣ ಅಪ್ರಾಮಾಣಿಕತೆ ಬಚ್ಚಿಟ್ಟುಕೊಳ್ಳುತ್ತದೆ. ಹಿಂದುಳಿದ ಹುಡುಗ ತಾನಾಗಿಯೇ ಬಿಟ್ಟುಹೋದರೆ ಶಾಲೆಯ ಫಲಿತಾಂಶ ಏರುತ್ತದೆ. ಯಾರೂ ಅವನನ್ನು ನೂಕಲಿಲ್ಲ. ಯಾರೂ ಕರೆಯಲೂ ಇಲ್ಲ. 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾಗಳ ನೇರ ನಿಗಾ ಬಂದು, ಕೃಪಾಂಕವನ್ನು ಶೇಕಡಾ 20ಕ್ಕೆ ಏರಿಸಿದ ಮೇಲೂ ರಾಜ್ಯದ ಫಲಿತಾಂಶ ಶೇಕಡಾ 73.40ಕ್ಕೆ ಇಳಿದಾಗ, ಬೈಗುಳ ತಿಂದವರು ಮೇಷ್ಟರುಗಳೇ. ಇಂಥ ಭಯದಲ್ಲಿರುವವನಿಗೆ ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬಾರದಿದ್ದರೆ ಒಳಗೊಳಗೇ ಹಗುರವೆನಿಸುವುದುಂಟು. ಕೋಲು ಹಿಡಿಯುವುದನ್ನು ಊರು ನೋಡುತ್ತದೆ. ಈ ಹಗುರವನ್ನು ನೋಡುವವರಿಲ್ಲ. ಮೇಷ್ಟರಾಗುವವನು ತನ್ನ ಆದರ್ಶವನ್ನು ಒರೆಹಚ್ಚಿ ನೋಡಬೇಕಾದದ್ದು ಇಲ್ಲಿ ಎಂದೇ ನನ್ನ ಎಣಿಕೆ.

“ಕರೆದುತಂದು ಕೂರಿಸಿ, ಕೊನೆಗೆ ನಪಾಸಾದರೆ? ಹೆಡ್‌ಮಾಸ್ಟರು ನನ್ನನ್ನೇ ಕೇಳುತ್ತಾರೆ.”

“ಕೇಳಲಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇಟ್ಟಿದ್ದಾರಲ್ಲ, ಒಂದರಲ್ಲಿ ಹೋದರೆ ಇನ್ನೊಂದು. ಹೆಸರೇ ಹೊಡೆದುಹಾಕಿದ ಮೇಲೆ ಯಾವ ಪರೀಕ್ಷೆ?”

ಅವನು ಪೂರ್ತಿ ಒಪ್ಪಿದನೆಂದು ಹೇಳಲಾರೆ. ಸಂಜೆ ಲೆಕ್ಕ, ಇಂಗ್ಲಿಷು ಹೇಳಿಕೊಡುವುದಾದರೆ ಮಂಡಿಯವರು ಒಂದು ಗಂಟೆ ಮುಂಚೆ ಬಿಟ್ಟಾರೇ, ಶಾಲೆಯಲ್ಲಿ ಹಾಜರಿಗೆ ಏನಾದರೂ ಏರ್ಪಾಡು ಸಾಧ್ಯವೇ ಎಂದು ತನ್ನಷ್ಟಕ್ಕೆ ಲೆಕ್ಕ ಹಾಕಿದ. ಭಾನುವಾರ ಹೆಬ್ಬಾಳದ ಶೆಡ್ಡುಗಳ ಕಡೆ ಹೋಗಿಬರುತ್ತೇನೆಂದ. ಬೆಳಿಗ್ಗೆ ಬಟವಾಡೆ, ಸಂತೆ ಎಂದು ಯಾರೂ ಸಿಕ್ಕುವುದಿಲ್ಲ, ಊಟದ ಹೊತ್ತು ಕಳೆದಮೇಲೆ ಹೋಗು ಎಂದೆ.