ಮದುವೆಯ ದಿನ ಬರೆದ ಸಾಲಪತ್ರ

ಪ್ರೀತಿ ಇರುವಲ್ಲಿ ಲೆಕ್ಕ ಇರಬಾರದು ಎಂದು ನಾವೆಲ್ಲ ನಂಬಿಕೊಂಡಿರುತ್ತೇವೆ. ಯೆಹೂದಿಗಳ ಮದುವೆಯ ಕರಾರುಪತ್ರವಾದ ‘ಕೆತುಬಾ’ದ ಬಗ್ಗೆ ಓದತೊಡಗಿದ ಮೇಲೆ ನನಗೆ ಈ ನಂಬಿಕೆಯ ಮೇಲೆ ಅನುಮಾನ ಹುಟ್ಟಿದೆ.

ಕೆತುಬಾ ಎಂದರೆ ಹೀಬ್ರೂವಿನಲ್ಲಿ ‘ಬರೆದದ್ದು’. ಸಾಂಪ್ರದಾಯಿಕವಾಗಿ ಅರಾಮಿಕ್ ಭಾಷೆಯಲ್ಲಿರುವ ಈ ಪತ್ರಕ್ಕೆ ಇಬ್ಬರು ಸಾಕ್ಷಿಗಳು ಸಹಿ ಹಾಕುತ್ತಾರೆ. ಮದುವೆಯ ಚಪ್ಪರದಡಿ ಎಲ್ಲರಿಗೂ ಕೇಳುವಂತೆ ಓದಿ ವಧುವಿಗೆ ಒಪ್ಪಿಸುತ್ತಾರೆ. ಅಂಚಿನ ತುಂಬ ಹೂಬಳ್ಳಿ, ಹಕ್ಕಿಗಳ ಚಿತ್ತಾರವಿರಬಹುದು. ಒಳಗಿರುವುದು ಮಾತ್ರ ಗಂಡನ ಹೊಣೆಗಳು: ಅನ್ನ, ಬಟ್ಟೆ, ದಾಂಪತ್ಯಸುಖ, ಅವನು ಸತ್ತರೆ ಅಥವಾ ಬಿಟ್ಟರೆ ಅವಳಿಗೆ ಸಲ್ಲಬೇಕಾದ ಹಣ. ಕನ್ಯೆಗೆ 200 ಝುಝ್, ವಿಧವೆಗೆ 100. ಝುಝ್ ಎಂದರೆ ಆ ಕಾಲದ ಬೆಳ್ಳಿ ನಾಣ್ಯ.

ಈ ಹಣ ಎಲ್ಲಿರಬೇಕು ಎಂಬುದರ ಕುರಿತು ತಾಲ್ಮುದ್‌ನಲ್ಲಿ ಒಂದು ಪ್ರಸಂಗವಿದೆ. ಮೊದಲು ಅದನ್ನು ಹೆಣ್ಣಿನ ತವರಿನಲ್ಲಿ ಇಡುತ್ತಿದ್ದರಂತೆ. ಸಿಟ್ಟು ಬಂದಾಗ ಗಂಡ, ಕೆತುಬಾ ಇರುವಲ್ಲಿಗೇ ಹೋಗೆಂದು ಅಟ್ಟುತ್ತಿದ್ದ. ಗಂಡನ ಕಡೆಯ ಮನೆಯಲ್ಲೇ ಪಾತ್ರೆಗಳ ರೂಪದಲ್ಲಿ ಇಡಿಸಿದರು. ಆಗ ಅದನ್ನೆತ್ತಿಕೊಂಡು ಹೊರಡೆನ್ನತೊಡಗಿದ. ಕೊನೆಗೆ ಕ್ರಿ.ಪೂ. 1ನೇ ಶತಮಾನದ ಪಂಡಿತ ಶಿಮೋನ್ ಬೆನ್ ಶೆತಾಖ್, ಹಣವನ್ನು ಬೇರೆ ತೆಗೆದಿಡುವ ಬದಲು ಗಂಡನ ಸಮಸ್ತ ಆಸ್ತಿಯೂ ಈ ಸಾಲಕ್ಕೆ ಒತ್ತೆ ಎಂದು ಬರೆಯುವ ಕಟ್ಟಳೆ ಮಾಡಿದ.

ಎಂಥ ಸೂಕ್ಷ್ಮ ಇದು! ತೆಗೆದಿಟ್ಟ ಹಣ ಹೆಂಡತಿಯನ್ನು ಹೊರಹಾಕುವ ಬೆಲೆಯಾಗಿಬಿಡುತ್ತದೆ. ಇಡೀ ಬದುಕಿಗೆ ಸುತ್ತಿಕೊಂಡ ಸಾಲ ಹಾಗಲ್ಲ; ಅದು ಸಿಟ್ಟಿನ ನಾಲಿಗೆಯನ್ನು ತಡೆದು ಯೋಚಿಸಲು ಹಚ್ಚುತ್ತದೆ.

ಈ ಪತ್ರ ತಡೆಯಲಾರದ ಅನ್ಯಾಯವೂ ಇದೆ. ಧರ್ಮಶಾಸ್ತ್ರದ ಪ್ರಕಾರ ‘ಗೆಟ್’ ಎಂಬ ವಿಚ್ಛೇದನಪತ್ರ ಕೊಡಬೇಕಾದವನು ಗಂಡನೇ. ಅವನು ಕೊಡದೆ ಸತಾಯಿಸಿದರೆ ಹೆಂಡತಿ ‘ಅಗುನಾ’, ಅಂದರೆ ಕಟ್ಟಿಗೆ ಸಿಕ್ಕವಳು, ಮರುಮದುವೆಯಾಗುವಂತಿಲ್ಲ. ಇಂದಿಗೂ ಇಂಥವರಿದ್ದಾರೆ. ಆದರೆ ಕ್ರಿ.ಪೂ. 5ನೇ ಶತಮಾನದಲ್ಲಿ, ನೈಲ್ ನದಿಯ ಎಲಿಫೆಂಟೈನ್ ದ್ವೀಪದ ಯೆಹೂದಿ ಮದುವೆಪತ್ರಗಳ ಪ್ರಕಾರ, ಹೆಣ್ಣೂ ಸಭೆಯಲ್ಲಿ ನಿಂತು ದಾಂಪತ್ಯ ಮುರಿಯಬಹುದಿತ್ತು. ಅಂದರೆ ಪತ್ರದಲ್ಲಿ ಏನಿದೆ ಎಂಬಷ್ಟೇ, ಬಾಗಿಲ ಕೀಲಿ ಯಾರ ಕೈಯಲ್ಲಿದೆ ಎಂಬುದೂ ಮುಖ್ಯ.

ಹಾಗಾದರೆ ಲೆಕ್ಕ ಪ್ರೀತಿಗೆ ಅವಮಾನವೇ? ನನಗೆ ಹಾಗನ್ನಿಸುವುದಿಲ್ಲ. ಮನಸ್ಸು ಉದಾರವಾಗಿರುವ ದಿನ ಮದುವೆಯ ದಿನ. ಸಿಟ್ಟಿನ ದಿನ ನಾನು ಹೇಗಿರುತ್ತೇನೋ ನನಗೇ ಗೊತ್ತಿಲ್ಲ. ಆ ನನ್ನಿಂದ ನಿನ್ನನ್ನು ಇಂದೇ ಕಾಪಾಡಿಡುತ್ತೇನೆ ಎನ್ನುವುದೂ ಪ್ರೀತಿಯ ಮಾತೇ.

ಕೆತುಬಾ ಕಳೆದುಹೋದರೆ ಹೊಸದನ್ನು ಬರೆಸುವವರೆಗೆ ದಂಪತಿ ಒಟ್ಟಿಗೆ ಬಾಳಬಾರದೆಂಬ ನಿಯಮವಿದೆ. ಪ್ರೀತಿಯೇನೂ ಕಳೆದಿಲ್ಲವಲ್ಲ ಎಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ.