ನೀನು ಯಾರ ಮಗ? ಪರ್ಸಿ ಜಾಕ್ಸನ್ ಮತ್ತು ಯೊರ್ದನ್ ಹೊಳೆ

ಯುವಜನರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹ ರೂಪ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 17:22-29, ಲೂಕ 3:21–4:13, ಗಲಾತ್ಯದವರಿಗೆ 4:4-7

ದೇವರಿಗೆ ಸ್ತೋತ್ರ. ಹಲ್ಲೆಲೂಯಾ! ಕೂತ್ಕೊಳ್ರಿ. ಸತ್ಯವೇದ ತಂದವರು ಲೂಕನ ಸುವಾರ್ತೆ 3ನೇ ಅಧ್ಯಾಯ ತೆಗೆದಿಟ್ಕೊಳ್ರಿ. ಮೊಬೈಲ್‌ನಾಗ ಓದೋರು ಇಂಟರ್‌ನೆಟ್ ಬಂದ್ ಮಾಡಿ ಓದ್ರಿ.

ನಮ್ಮ ಯುವಕ ಯುವತಿಯರು ನನ್ನನ್ನ ಒಂದು ಪ್ರಶ್ನೆ ಕೇಳ್ತಾರೆ. "ಪಾಸ್ಟರ್, ಪರ್ಸಿ ಜಾಕ್ಸನ್ ಓದಬಹುದಾ? ಸೀರೀಸ್ ನೋಡಬಹುದಾ? ಅದ್ರಾಗ ಗ್ರೀಕ್ ದೇವರುಗಳು ಬರ್ತಾರ, ಅವ್ವ ಬೈತಾಳ." ಅವ್ವಂದಿರೂ ಕೇಳ್ತಾರೆ: "ಪಾಸ್ಟರ್, ಹುಡುಗ ಸತ್ಯವೇದ ಬಿಟ್ಟು ಇದನ್ನ ಓದ್ತಾನ, ಏನ್ ಮಾಡ್ಲಿ?" ಎರಡೂ ಕಡೆಯವರಿಗೆ ಇವತ್ತು ದೇವರ ವಾಕ್ಯದಿಂದ ಉತ್ತರ ಕೊಡ್ತೀನಿ. ಉತ್ತರ ಕೊಟ್ಟು ಅಲ್ಲಿಗೇ ನಿಲ್ಲೋದಿಲ್ಲ. ಯಾಕಂದ್ರೆ ಆ ಪುಸ್ತಕದ ಒಳಗೆ ಒಂದು ಕೂಗು ಐತಿ, ಆ ಕೂಗು ಈ ಹಾಲ್‌ನಲ್ಲೂ ಐತಿ.

ಮೊದಲು ಪೌಲನನ್ನ ನೋಡೋಣ. ಗ್ರೀಕ್ ದೇವರುಗಳ ಕಥೆ ಪೌಲನಿಗೆ ಹೊಸದಲ್ಲ, ಅವನು ಬೆಳೆದದ್ದೇ ಆ ಲೋಕದಲ್ಲಿ. ಅಪೊಸ್ತಲರ ಕೃತ್ಯಗಳು 14ರಲ್ಲಿ ಲುಸ್ತ್ರ ಊರಿನ ಜನ ಬಾರ್ನಬನನ್ನ ಜ಼್ಯೂಸ್ ಅಂದ್ರು, ಪೌಲನನ್ನ ಹರ್ಮೀಸ್ ಅಂದ್ರು, ಬಲಿ ಕೊಡೋಕೆ ಎತ್ತು, ಹಾರ ತಂದ್ರು. ಅಪೊಸ್ತಲರು ಬಟ್ಟೆ ಹರ್ಕೊಂಡು ಗುಂಪಿನೊಳಗೆ ಓಡಿ ತಡೆದ್ರು. ಆರಾಧನೆಯ ವಿಷಯ ಬಂದಾಗ ರಾಜಿ ಇಲ್ಲ. ಆಮೆನ್? ಆದರೆ 17ನೇ ಅಧ್ಯಾಯದಲ್ಲಿ ಅದೇ ಪೌಲ ಅಥೇನೆಯಲ್ಲಿ ನಿಂತು, ನಾವು ದೇವರ ಸಂತಾನದವರು ಅಂತ ನಿಮ್ಮ ಕವಿಗಳೇ ಹೇಳಿದ್ದಾರಲ್ಲ ಅಂತಾನೆ. ಆ ಮಾತು ಎಲ್ಲಿಂದ ಬಂತು ಗೊತ್ತೇನ್ರಿ? ಅರಾಟಸ್ ಅನ್ನೋ ಕವಿ, ಕ್ರಿಸ್ತ ಪೂರ್ವ 3ನೇ ಶತಮಾನದವನು, ಪೌಲನ ಸೀಮೆಯಾದ ಕಿಲಿಕ್ಯದವನೇ. ನಕ್ಷತ್ರಗಳ ಮೇಲೆ ಅವನು ಬರೆದ ಕಾವ್ಯದಲ್ಲಿ ಆ ಮಾತು ಜ಼್ಯೂಸ್‌ನ ಬಗ್ಗೆ ಇತ್ತು. ಪೌಲ ಅದನ್ನ ಓದಿದ್ದ, ನೆನಪಿಟ್ಟಿದ್ದ. ಅದರೊಳಗಿನ ಹಸಿವನ್ನ ಗುರುತಿಸಿ, ನೀವು ತಿಳಿಯದೆ ಹುಡುಕ್ತಾ ಇರೋ ತಂದೆಯನ್ನ ನಾನು ತೋರಿಸ್ತೀನಿ ಅಂದ.

ಇನ್ನೊಂದು ನೋಡ್ರಿ. 28:11ರಲ್ಲಿ ಪೌಲ ಮೆಲೀತೆ ದ್ವೀಪದಿಂದ ಹೊರಟ ಹಡಗಿನ ಮುಂದೆ ಗ್ರೀಕರ ಅವಳಿ ದೇವರುಗಳ ಗುರುತು ಇತ್ತು. ಕಥೆಯ ಪ್ರಕಾರ ಆ ಅವಳಿಗಳು ಜ಼್ಯೂಸ್‌ನ ಮಕ್ಕಳು. ಲೂಕ ಅದನ್ನ ಮರೆಯದೆ ಬರೆದಿದ್ದಾನೆ. ಪೌಲ ಹಡಗಿನಿಂದ ಇಳಿಯಲಿಲ್ಲ, ಆ ಗುರುತಿಗೆ ಕೈಯನ್ನೂ ಮುಗಿಯಲಿಲ್ಲ. ರೋಮಿಗೆ ಹೋಗಿ ಸುವಾರ್ತೆ ಸಾರಿದ.

ಹಾಗಾಗಿ ಅವ್ವಂದಿರೇ, ಹೆದರಬೇಡ್ರಿ. ಮಗ ಏನು ಓದ್ತಾನೋ ಅದನ್ನ ನೀವೂ ಕೂತು ಕೇಳ್ರಿ. ತಮ್ಮಾ, ತಂಗಿ, ನೀವು ಓದೋದಾದ್ರೆ ಪೌಲನ ಹಾಗೆ ಓದ್ರಿ. ಕಥೆಯನ್ನ ಕಥೆ ಅಂತ ಓದ್ರಿ, ಕೈ ಮುಗಿಯೋದು ಒಬ್ಬನಿಗೇ. ಮತ್ತೆ ಸತ್ಯವೇದಕ್ಕೆ ಟೈಮ್ ಇಲ್ಲ, ನಾವೆಲ್‌ಗೆ ರಾತ್ರಿ ಎರಡರ ತನಕ ಟೈಮ್ ಐತಿ ಅಂದ್ರೆ, ಆ ಲೆಕ್ಕ ನೀವೇ ಕರ್ತನ ಮುಂದೆ ನೋಡ್ಕೊಳ್ರಿ.

ಈಗ ಕಥೆಗೆ ಬರೋಣ. ಓದದೇ ಇದ್ದವರಿಗೆ ಚುಟುಕಾಗಿ ಹೇಳ್ತೀನಿ. ಬರೆದವರು ರಿಕ್ ರಿಯೊರ್ಡನ್, ಅಮೆರಿಕದ ಟೆಕ್ಸಸ್‌ನವರು, ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಮೊದಲ ಪುಸ್ತಕ 'ದಿ ಲೈಟ್ನಿಂಗ್ ಥೀಫ್' 2005ರಲ್ಲಿ ಬಂತು. ಪರ್ಸಿ 12 ವರ್ಷದ ಹುಡುಗ. ಕ್ಲಾಸ್‌ನಲ್ಲಿ ಕೂತಲ್ಲಿ ಕೂರೋದಿಲ್ಲ, ಓದೋಕೆ ಹೋದ್ರೆ ಅಕ್ಷರ ಕುಣೀತಾವ. ಶಾಲೆಯಿಂದ ಶಾಲೆಗೆ ತಳ್ಳಿಸಿಕೊಂಡವನು. ಅಪ್ಪನ ಮುಖ ನೆನಪಿಲ್ಲ. ಆಮೇಲೆ ಗೊತ್ತಾಗುತ್ತೆ, ಅವನ ಅಪ್ಪ ಗ್ರೀಕರ ಒಬ್ಬ ದೇವರು ಅಂತ. ಇಂಥ ಮಕ್ಕಳಿಗೆ ನ್ಯೂಯಾರ್ಕ್ ಹತ್ತಿರ ಲಾಂಗ್ ಐಲೆಂಡ್‌ನಲ್ಲಿ ಒಂದು ಕ್ಯಾಂಪ್ ಇರುತ್ತೆ. ಅಲ್ಲಿ 12 ಕ್ಯಾಬಿನ್, ಒಂದೊಂದು ದೇವರ ಹೆಸರಲ್ಲಿ ಒಂದೊಂದು. ಯಾರ ಮಗ ಅಂತ ತಿಳಿದ ಮೇಲೆ ಆ ಕ್ಯಾಬಿನ್‌ನಲ್ಲಿ ಜಾಗ.

ತಿಳಿಯದೇ ಇದ್ರೆ? ತಿಳಿಯದವರೆಲ್ಲ 11ನೇ ಕ್ಯಾಬಿನ್‌ಗೆ, ಹರ್ಮೀಸ್‌ನ ಕ್ಯಾಬಿನ್‌ಗೆ. ಅಲ್ಲಿ ಕಿಕ್ಕಿರಿದು ತುಂಬಿರ್ತಾರೆ, ಮಂಚ ಸಿಗದೆ ನೆಲದ ಮೇಲೆ ಹಾಸ್ಕೊಂಡು ಮಲಗ್ತಾರೆ. ಅಪ್ಪ ಯಾವತ್ತಾದ್ರೂ 'ಇವ ನನ್ನವ' ಅಂತ ಒಂದು ಗುರುತು ತೋರಿಸ್ತಾನಾ ಅಂತ ಕಾಯ್ತಾರೆ. ಕೆಲವರು ವರ್ಷಗಟ್ಟಲೆ ಕಾಯ್ತಾರೆ.

ಒಂದನೇ ಮಾತು ಬರ್ಕೊಳ್ರಿ: ಆ ಹಸಿವು ನಿಜ.

ಅದು ಅಮೆರಿಕದ ಕಥೆ ಮಾತ್ರ ಅಲ್ಲ. ಕರ್ಣನ ಕಥೆ ನಮ್ಮ ನಾಡಿನ ಮನೆಮನೆಗೂ ಗೊತ್ತು. ಪಂಪನಿಂದ ಹಿಡಿದು ಬಯಲಾಟದ ತನಕ ಕನ್ನಡದವರು ಕರ್ಣನಿಗಾಗಿ ಅತ್ತಿದ್ದಾರೆ. ತುಂಬಿದ ಸಭೆಯಲ್ಲಿ 'ನಿನ್ನ ಕುಲ ಯಾವುದು, ತಂದೆ ಯಾರು' ಅಂದಾಗ ಅವನು ತಲೆ ತಗ್ಗಿಸ್ತಾನೆ. ಹೆತ್ತ ತಾಯಿ ಅಲ್ಲೇ ಕೂತಿದ್ದಾಳೆ, ಬಾಯಿ ಬಿಡೋದಿಲ್ಲ. ಆ ಸಭೆ ನಮಗೆ ಯಾಕೆ ಮರೆಯೋದಿಲ್ಲ? ಆ ಜಾಗದಲ್ಲಿ ನಾವೂ ನಿಂತಿದ್ದೀವಿ ಅದಕ್ಕೆ.

ನಮ್ಮ ವಿಜಯಪುರದಲ್ಲಿ 11ನೇ ಕ್ಯಾಬಿನ್ ಎಲ್ಲಿದೆ ಅಂತ ನಾನು ಹೇಳಬೇಕಾ? ಅಪ್ಪ ಅವ್ವ ಕಬ್ಬು ಕಡಿಯೋಕೆ, ಗೋವಾಕ್ಕೆ, ಪುಣೆಗೆ ಗುಳೆ ಹೋಗಿರ್ತಾರ, ಮಗು ಅಜ್ಜಿ ಹತ್ತಿರ ಬೆಳೀತದ. ತಿಕೋಟಾ, ಬಬಲೇಶ್ವರ ಕಡೆಯಿಂದ ಬಸ್ ಹತ್ತಿ ಬಂದ ಹುಡುಗ ಒಂದು ರೂಮ್‌ನಲ್ಲಿ ನಾಲ್ಕು ಜನರ ಜೊತೆ ಹಾಸ್ಕೊಂಡು ಮಲಗ್ತಾನ, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದ್ತಾನ. ಊರಿಗೆ ಫೋನ್ ಮಾಡಿದ್ರೆ ಮೊದಲ ಮಾತು 'ಊಟ ಆತೇನು' ಅಲ್ಲ, 'ರಿಸಲ್ಟ್ ಯಾವಾಗ'. ಇನ್ನು ಕೆಲವರ ಅಪ್ಪ ಮನೆಯಲ್ಲೇ ಅದಾನ, ದಿನಾ ಸಂಜೆ ಕುಡಿದು ಬರ್ತಾನ. ಮನೆಯೊಳಗೇ ಇದ್ದೂ ಇಲ್ಲದ ಅಪ್ಪ. ಆ ನೋವನ್ನ ಕರ್ತನು ಬಲ್ಲ.

ಮತ್ತೊಂದು ಮಾತು. ಓದುವಾಗ ಅಕ್ಷರ ಕುಣಿಯೋ ಮಕ್ಕಳು ನಮ್ಮಲ್ಲೂ ಅದಾರ. ಅದಕ್ಕೆ ಡಿಸ್ಲೆಕ್ಸಿಯಾ ಅಂತಾರೆ. ಅದು ದಡ್ಡತನ ಅಲ್ಲ, ದೆವ್ವವೂ ಅಲ್ಲ. ಪ್ರಾರ್ಥನೆ ಮಾಡ್ರಿ, ಜೊತೆಗೆ ತಿಳಿದ ಡಾಕ್ಟರ್‌ಗೂ ತೋರಿಸ್ರಿ. ರಿಯೊರ್ಡನ್ ಅವರ ಸ್ವಂತ ಮಗನಿಗೆ ಈ ತೊಂದರೆ ಇತ್ತು. ಮಗನಿಗೆ ಮಲಗೋ ಹೊತ್ತಿಗೆ ಹೇಳಿದ ಕಥೆಯೇ ಪರ್ಸಿ ಆಯಿತು. ಅದಕ್ಕೇ ಕಥೆಯಲ್ಲಿ ಪರ್ಸಿಗೂ ಅದೇ ತೊಂದರೆ, ಅದೇ ಅವನು ಯಾರ ಮಗ ಅನ್ನೋದಕ್ಕೆ ಸುಳಿವು. ಅಪ್ಪಂದಿರೇ, ಇದನ್ನ ಗಮನಿಸ್ರಿ. ಮಕ್ಕಳನ್ನ ಮರೆತ ಅಪ್ಪಂದಿರ ಬಗ್ಗೆ ಇರೋ ಆ ಪುಸ್ತಕವನ್ನ, ಮಗನ ಹಾಸಿಗೆ ಪಕ್ಕ ಕೂತು 'ನೀ ನನ್ನವ' ಅಂದ ಒಬ್ಬ ಅಪ್ಪ ಬರೆದ.

ಎರಡನೇ ಮಾತು: 'ನನ್ನವ' ಅಂತ ಯಾರು ಮೊದಲು ಹೇಳ್ತಾರೋ, ಮಗು ಅವರ ಹಿಂದೆ ಹೋಗುತ್ತೆ.

ಪುಸ್ತಕದಲ್ಲಿ ಲೂಕ್ ಅನ್ನೋ ಹುಡುಗ ಬರ್ತಾನೆ. ಹರ್ಮೀಸ್‌ನ ಮಗ. ಅವನಿಗೆ ಅಪ್ಪ ಯಾರಂತ ಗೊತ್ತು, ಆದರೆ ಅಪ್ಪ ಹತ್ತಿರ ಬರೋದಿಲ್ಲ. ಒಳಗೇ ಕಹಿ ಬೆಳೀತು. ಆಗ ಕನಸಿನಲ್ಲಿ ಕ್ರೋನಸ್ ಮಾತಾಡಿದ. ಕೊನೆಗೆ ಕಳ್ಳ ಯಾರು ಅಂದ್ರೆ ಅದೇ ಲೂಕ್, ಎಲ್ಲರೂ ಅಣ್ಣ ಅಂತ ನಂಬಿದ್ದವನು. ಕರ್ಣನಿಗೂ ಹೀಗೇ ಆಯಿತಲ್ಲ? ಸಭೆಯಲ್ಲಿ ಎದ್ದು ನಿಂತು ಅವನಿಗೆ ಕಿರೀಟ ಇಟ್ಟವನು ದುರ್ಯೋಧನ. ಕರ್ಣ ಸಾಯೋ ತನಕ ಅವನ ಕಡೆಯೇ ನಿಂತ.

ಕ್ರೋನಸ್ ಯಾರು ಗೊತ್ತಾ? ಗ್ರೀಕರ ಕಥೆಯಲ್ಲಿ ಹೆತ್ತ ಮಕ್ಕಳನ್ನೇ ನುಂಗಿದವನು. ತನ್ನ ಮಕ್ಕಳನ್ನೇ ನುಂಗಿದವನು ಬೇರೆಯವರ ಮಗನಿಗೆ 'ಬಾ, ನಾನಿದ್ದೀನಿ' ಅಂತಾನೆ! ಪ್ರಿಯರೇ, ಸೈತಾನನ ಕೆಲಸವೂ ಹೀಗೇ. ಪೇತ್ರ ತನ್ನ ಮೊದಲ ಪತ್ರಿಕೆಯಲ್ಲಿ, 5:8ರಲ್ಲಿ, ನುಂಗೋದಕ್ಕೆ ಹುಡುಕುವ ಸಿಂಹ ಅಂತ ಎಚ್ಚರಿಸ್ತಾನೆ. ಆ ಸಿಂಹ ಮೊದಲು ಗರ್ಜಿಸೋದಿಲ್ಲ, ಮೊದಲು ಫ್ರೆಂಡ್ ಆಗಿ ಬರುತ್ತೆ. ಬೆಟ್ಟಿಂಗ್ ಆ್ಯಪ್‌ನ ಗ್ರೂಪ್ 'ಬಾ ಬ್ರದರ್' ಅನ್ನುತ್ತೆ. ಕುಡಿಯೋ ಗ್ಯಾಂಗ್ 'ನೀ ನಮ್ಮ ಹುಡುಗ' ಅನ್ನುತ್ತೆ. ತಂಗೀ, ನಿನ್ನ ಫೋನ್‌ಗೆ ಪರಿಚಯ ಇಲ್ಲದವನೊಬ್ಬ ರಾತ್ರಿ 'ನಿನ್ನ ಯಾರೂ ಅರ್ಥ ಮಾಡ್ಕೊಳ್ಳಲ್ಲ, ನಾನು ಮಾಡ್ಕೊಳ್ತೀನಿ' ಅಂತ ಬರೀತಾನೆ. ಆ ಮಾತಿನ ಹಿಂದೆ ಪ್ರೀತಿ ಐತೋ ಬಾಯಿ ಐತೋ ನೋಡು.

ಮೂರನೇ ಮಾತು, ಇದೇ ಸುವಾರ್ತೆ: ನಮ್ಮ ತಂದೆ ಕೆಲಸಕ್ಕೆ ಮುಂಚೆಯೇ 'ನನ್ನವ' ಅಂತಾನೆ.

ಪರ್ಸಿಯ ಗುರುತು ಯಾವಾಗ ಬಂತು? ಕ್ಯಾಂಪಿನ ಆಟದಲ್ಲಿ ಹೊಡೆದಾಡಿ ಗೆದ್ದ, ಗಾಯ ಆಯಿತು, ಹಳ್ಳದ ನೀರಿನಲ್ಲಿ ನಿಂತ. ಆಗ ತಲೆಯ ಮೇಲೆ ತ್ರಿಶೂಲದ ಬೆಳಕು ಮೂಡಿತು, ಸಮುದ್ರದ ದೇವರು ಪೊಸೈಡನ್‌ನ ಮಗ ಅಂತ ಗೊತ್ತಾಯಿತು. ಪುಸ್ತಕದ ಕೊನೆಯಲ್ಲಿ ಆ ಅಪ್ಪನನ್ನ ಎದುರಾಎದುರು ನೋಡ್ತಾನೆ. ಅಪ್ಪ ಏನಂತಾನೆ? ನೀನು ಹುಟ್ಟಿದ್ದಕ್ಕೆ ನನಗೆ ವಿಷಾದ ಐತಿ ಅನ್ನೋ ಅರ್ಥದ ಮಾತು. ಅವನಿಗೂ ಕಾಳಜಿ ಐತಿ, ಆದರೆ ಅದಕ್ಕಿಂತ ಹೆಚ್ಚು ಕೊಡೋ ಶಕ್ತಿ ಆ ದೇವರಿಗಿಲ್ಲ.

ಈಗ ಲೂಕ 3:21-22 ನೋಡ್ರಿ. ಇಲ್ಲೂ ಒಬ್ಬ ಮಗ ನೀರಿನಲ್ಲಿ ನಿಂತಿದ್ದಾನೆ, ಯೊರ್ದನ್ ಹೊಳೆಯಲ್ಲಿ. ಆಕಾಶ ತೆರೆಯಿತು, ಪವಿತ್ರಾತ್ಮನು ಪಾರಿವಾಳದ ರೂಪದಲ್ಲಿ ಇಳಿದನು, ನೀನು ನನ್ನ ಪ್ರಿಯ ಮಗ, ನಿನ್ನನ್ನ ಮೆಚ್ಚಿದ್ದೇನೆ ಅಂತ ತಂದೆಯ ಧ್ವನಿ ಬಂತು. ಆ ದಿನದ ತನಕ ಯೇಸು ಯಾವ ಅದ್ಭುತ ಮಾಡಿದ್ದನು? ಒಂದೂ ಇಲ್ಲ. ಒಬ್ಬ ಕುರುಡನಿಗೂ ಕಣ್ಣು ಕೊಟ್ಟಿರಲಿಲ್ಲ, ಒಬ್ಬ ಶಿಷ್ಯನನ್ನೂ ಕರೆದಿರಲಿಲ್ಲ. ನಜರೇತಿನ ಬಡಗಿ. ಕೆಲಸ ಶುರುವಾಗೋ ಮುಂಚೆ ಮೆಚ್ಚುಗೆ ಬಂತು. ಹಲ್ಲೆಲೂಯಾ!

ಮುಂದಿನ ಅಧ್ಯಾಯದಲ್ಲಿ ಸೈತಾನ ಬಂದಾಗ ಅವನ ಮೊದಲ ಮಾತಿನಲ್ಲೇ 'ನೀನು ದೇವರ ಮಗನಾದ್ರೆ' ಅನ್ನೋ ಸಂಶಯ ಐತಿ. ಕಲ್ಲನ್ನ ರೊಟ್ಟಿ ಮಾಡಿ ತೋರಿಸು ಅಂತಾನೆ. ಪ್ರೂಫ್ ಕೊಡು! ಯೇಸು ಪ್ರೂಫ್ ಕೊಡಲಿಲ್ಲ. ತಂದೆಯ ಮಾತು ಸಾಕಾಗಿತ್ತು. ನೀನೂ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು, ಇನ್‌ಸ್ಟಾಗ್ರಾಂ ಲೈಕ್ ಹಿಡ್ಕೊಂಡು ನಾನೂ ಒಬ್ಬ ಮಗ ಅಂತ ಲೋಕಕ್ಕೆ ತೋರಿಸಬೇಕಾಗಿಲ್ಲ.

ಸಿದ್ಧೇಶ್ವರ ಜಾತ್ರೆ ಗದ್ದಲ ನೀವೆಲ್ಲ ನೋಡಿದೀರಿ. ಅಂಥ ಗದ್ದಲದಲ್ಲಿ ಮಗು ಕಳೆದ್ರೆ ಮೈಕಿನಲ್ಲಿ ಹೆಸರು ಕೂಗ್ತಾರೆ. ಅಪ್ಪ ಜನರನ್ನ ತಳ್ಕೊಂಡು ಓಡಿ ಬರ್ತಾನೆ. ಬಂದವನು 'ಗಣಿತದಾಗ ಎಷ್ಟು ಬಿದ್ದಾವ' ಅಂತ ಕೇಳ್ತಾನೇನ್ರಿ? ಎತ್ಕೊಂಡು ಎದೆಗೆ ಅಪ್ಕೊಳ್ತಾನೆ. ತಿಕೋಟಾ ದ್ರಾಕ್ಷಿ ತೋಟದವರನ್ನ ಕೇಳ್ರಿ. ಬೇರಿಗೆ ಅಂತ ಡಾಗ್ರಿಜ್ ಗಿಡ ಹಚ್ಚಿ, ಅದಕ್ಕೆ ಒಳ್ಳೆ ತಳಿಯ ಕಡ್ಡಿ ಕಸಿ ಕಟ್ತಾರೆ. ಕಟ್ಟುವಾಗ ಆ ಕಡ್ಡಿಯಲ್ಲಿ ಒಂದು ಹಣ್ಣೂ ಇರೋದಿಲ್ಲ. ಮೊದಲು ಕಟ್ತಾರೆ, ಹಣ್ಣು ಆಮೇಲೆ.

ಆ ಸಂಬಂಧ ಕಟ್ಟೋದಕ್ಕೆ ಬೆಲೆ ಯಾರು ಕೊಟ್ರು? ಗ್ರೀಕರ ಕಥೆಗಳಲ್ಲಿ ದೇವರುಗಳ ಜಗಳಕ್ಕೆ ಮಕ್ಕಳು ಸಾಯ್ತಾರೆ. ಗಲಾತ್ಯ 4:4-7ರಲ್ಲಿ ತಿರುಗಾಮುರುಗಾ ಐತಿ. ನಮ್ಮನ್ನ ಮಕ್ಕಳನ್ನಾಗಿ ಮಾಡಿಕೊಳ್ಳೋದಕ್ಕೆ ದೇವರು ತನ್ನ ಮಗನನ್ನೇ ಕಳಿಸಿಕೊಟ್ಟನು. ಶಿಲುಬೆಯಲ್ಲಿ ಆತನು ಕೈಬಿಡಲ್ಪಟ್ಟವನಾದನು, ನೀನು ಸೇರಿಸಿಕೊಳ್ಳಲ್ಪಟ್ಟೆ. ಆಮೇಲೆ ಮಗನ ಆತ್ಮವನ್ನ ನಮ್ಮ ಹೃದಯದೊಳಗೆ ಕಳಿಸಿದನು. ಆ ಆತ್ಮನು ಒಳಗಿಂದ ಅಬ್ಬಾ, ಅಪ್ಪಾ ಅಂತ ಕೂಗ್ತಾನೆ. ಅನ್ಯಭಾಷೆ ಮಾತಾಡ್ತೀವಿ, ಅದು ದೇವರ ವರ, ಸ್ತೋತ್ರ. ಆದರೆ 'ಅಪ್ಪಾ' ಅನ್ನೋ ಈ ಭಾಷೆ ಮರೀಬೇಡ್ರಿ. ತಲೆಯ ಮೇಲಿನ ತ್ರಿಶೂಲದ ಬೆಳಕು ಆರಿ ಹೋಗುತ್ತೆ, ಒಳಗಿರೋ ಆತ್ಮನು ಬಿಟ್ಟು ಹೋಗೋದಿಲ್ಲ.

ಈಗ ಮನೆಗೆ ತಗೊಂಡು ಹೋಗೋ ಮಾತು.

ಐದನೇ ಪುಸ್ತಕದಲ್ಲಿ ದೇವರುಗಳು ಪರ್ಸಿಗೆ ಸಾವಿಲ್ಲದ ಜೀವ ಕೊಡ್ತೀವಿ ಅಂತಾರೆ. ಅವನು ಬೇಡ ಅಂತಾನೆ. ಬದಲಿಗೆ, ನಿಮ್ಮ ಮಕ್ಕಳಿಗೆ 13 ವರ್ಷ ಆಗೋದರೊಳಗೆ 'ನನ್ನ ಮಗು' ಅಂತ ಒಪ್ಪಿಕೊಳ್ಳಬೇಕು ಅಂತ ಕೇಳ್ತಾನೆ. ಕಲ್ಪನೆಯ ಕಥೆಯ ಹುಡುಗನೊಬ್ಬ ತನ್ನ ಪಾಲನ್ನ ಬಿಟ್ಟು ನೆಲದ ಮೇಲೆ ಮಲಗಿದವರನ್ನ ನೆನೆಸಿದ. ನಾವು?

ಅಪ್ಪಂದಿರೇ, ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬರೋಕಿಂತ ಮೊದಲೇ ಮಗನ ತಲೆ ಮೇಲೆ, ಮಗಳ ತಲೆ ಮೇಲೆ ಕೈ ಇಟ್ಟು 'ನೀ ನನಗ ಸಂತೋಷ' ಅಂತ ಬಾಯಿ ಬಿಟ್ಟು ಹೇಳ್ರಿ. ಮನಸ್ಸಿನಲ್ಲಿ ಐತಿ ಅಂದ್ರೆ ಸಾಲದು. ಪರಲೋಕದ ತಂದೆಯೇ ಬಾಯಿ ಬಿಟ್ಟು ಹೇಳಿದನು.

ಸಭೆಯವರೇ, ಹಿಂದಿನ ಬೆಂಚ್ ನಮ್ಮ 11ನೇ ಕ್ಯಾಬಿನ್ ಆಗಬಾರದು. ಒಬ್ಬನೇ ಬಂದು ಒಬ್ಬನೇ ಹೋಗೋ ಹುಡುಗನ ಹೆಸರು ಕೇಳ್ರಿ, ಈ ಭಾನುವಾರ ಮನೆಗೆ ಕರೆದು ರೊಟ್ಟಿ, ಪಲ್ಯ ಹಾಕ್ರಿ. ಇಬ್ರಿಯ 2:11ರ ಪ್ರಕಾರ ಯೇಸು ನಮ್ಮನ್ನ ಸಹೋದರರು ಅನ್ನೋಕೆ ನಾಚಿಕೆ ಪಡಲಿಲ್ಲ. ನಾವ್ಯಾಕೆ ಪಡಬೇಕು?

ತಮ್ಮಾ, ತಂಗೀ, ನಿನ್ನ ಅಪ್ಪ ನಿನ್ನನ್ನ ಬಿಟ್ಟಿದ್ರೂ ಅವನನ್ನ ದ್ವೇಷಿಸಬೇಡ, ಲೂಕ್‌ನ ದಾರಿ ಹಿಡೀಬೇಡ. ಅವನಿಗೂ ಯಾರೂ 'ನನ್ನವ' ಅಂದಿರಲಿಕ್ಕಿಲ್ಲ. ಕೀರ್ತನೆ 27:10ನ್ನ ಈ ರಾತ್ರಿ ತೆಗೆದು ಓದು. ತಂದೆತಾಯಿ ಕೈಬಿಟ್ಟರೂ ಸೇರಿಸಿಕೊಳ್ಳೋ ಒಬ್ಬನು ಅದಾನ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ರಿ. ಇವತ್ತು ಮೊದಲನೇ ಸಲ ಆತನನ್ನ ಅಪ್ಪಾ ಅಂತ ಕರೆಯೋಕೆ ಬಯಸೋರು ಕೈ ಎತ್ರಿ, ಯಾರೂ ನೋಡೋದಿಲ್ಲ. ಪ್ರಾರ್ಥನೆ ಮಾಡೋಣ.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ಈ ಮಕ್ಕಳು ಗೆಲ್ಲೋ ಮುಂಚೆ, ಓದೋ ಮುಂಚೆ, ದುಡಿಯೋ ಮುಂಚೆ ನೀವು ಇವರನ್ನ ಬಲ್ಲಿರಿ. ಯಾರೂ ನನ್ನವ ಅನ್ನದ ಮನಸ್ಸುಗಳನ್ನ ನಿಮ್ಮ ಆತ್ಮನು ಮುಟ್ಟಲಿ. ನುಂಗೋದಕ್ಕೆ ಬಂದ ಪ್ರತಿ ಸ್ವರವನ್ನ ಯೇಸುವಿನ ನಾಮದಲ್ಲಿ ಗದರಿಸ್ತೀವಿ. ನಮ್ಮ ಮನೆಗಳ ಅಪ್ಪಂದಿರ ಬಾಯಿ ತೆರೆಯಿರಿ, ನಮ್ಮ ಸಭೆಯ ಬಾಗಿಲು ತೆರೆಯಿರಿ. ಯೇಸುವಿನ ಪರಿಶುದ್ಧ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.